ಚಕ್ರ ಫಳಫಳ ಅನ್ಬೇಕಾ? ಮೊದ್ಲು ನಿಮ್ಮ ರಿಮ್ ಯಾವುದು ಅಂತ ತಿಳ್ಕೊಳ್ಳಿ

ಬೈಕ್ ತೊಳೆಯೋದ್ರ ಬಗ್ಗೆ ಹಿಂದೊಮ್ಮೆ ಬರೆದಾಗ ಚಕ್ರದ ವಿಷ್ಯ ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದ್ದೆ, ಅದಕ್ಕೇ ಇರ್ಬೇಕು ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಚಕ್ರದ್ದೇ. ಒಳ್ಳೇದೇ ಆಯ್ತು. ಬೈಕಲ್ಲಿ ಅತಿ ಹೆಚ್ಚು ಕೊಳೆ ತಿನ್ನೋ ಜಾಗ ಅದು, ಸಿಕ್ಕಿದ್ದನ್ನೆಲ್ಲ ಹಾಕಿ ಉಜ್ಜಿ ನಾವು ಅತಿ ಹೆಚ್ಚು ಹಾಳು ಮಾಡೋ ಜಾಗಾನೂ ಅದೇ. ಒಂದೇ ತರದ ಪ್ರಶ್ನೆಗಳನ್ನ ಒಟ್ಟು ಮಾಡಿ ಉತ್ತರ ಬರೆದಿದೀನಿ.

ಪ್ರಶ್ನೆ: ಸರ್, ನನ್ನ ಬೈಕಿಗೆ ಬೆಳ್ಳಿ ಬಣ್ಣದ ಅಲಾಯ್ ವೀಲ್ ಇದೆ. ಪ್ರತಿ ವಾರ ತೊಳೀತೀನಿ. ಮುಂದಿನ ಚಕ್ರ ಚೆನ್ನಾಗಿರುತ್ತೆ, ಆದ್ರೆ ಹಿಂದಿನ ಚಕ್ರದ ಮೇಲೆ ಎರಡೇ ದಿನದಲ್ಲಿ ಕಪ್ಪು ಕಪ್ಪು ಚುಕ್ಕೆ ಬರುತ್ತೆ. ಸೋಪು ಹಾಕಿ ಉಜ್ಜಿದ್ರೆ ಹೋಗೋ ಬದ್ಲು ಇನ್ನೂ ಹರಡುತ್ತೆ. ಏನ್ ಮಾಡ್ಲಿ?

ಉತ್ತರ: ಆ ಚುಕ್ಕೆ ಎಲ್ಲ ನಿಮ್ಮ ಚೈನಿಂದ ಬರ್ತಿರೋದು. ಚೈನ್ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಸುತ್ತ ಜೋರಾಗಿ ತಿರುಗುವಾಗ ಅದರ ಮೇಲೆ ಹೆಚ್ಚಾಗಿ ಉಳಿದಿರೋ ಲ್ಯೂಬ್, ಅಂದ್ರೆ ಚೈನಿಗೆ ಹಾಕೋ ಎಣ್ಣೆ, ಹೊರಗೆ ಸಿಡಿಯುತ್ತೆ, ಸಿಡಿದಿದ್ದು ಪಕ್ಕದಲ್ಲೇ ಇರೋ ರಿಮ್ ಮೇಲೆ ಬಂದು ಕೂರುತ್ತೆ, ಅದಕ್ಕೆ ರಸ್ತೆ ಧೂಳು ಟೈರ್ ಸವೆದ ಪುಡಿ ಎಲ್ಲ ಅಂಟ್ಕೊಂಡು ಕಪ್ಪು ಜಿಡ್ಡಾಗುತ್ತೆ. ಜಿಡ್ಡು ನೀರಲ್ಲಿ ಕರಗಲ್ವಲ್ಲ, ಅದಕ್ಕೇ ಸೋಪಿನ ನೀರಲ್ಲಿ ಉಜ್ಜಿದ್ರೆ ಹರಡೋದು. ಅಷ್ಟೇ ಅಲ್ಲ, ಆ ಜಿಡ್ಡೊಳಗೆ ಸಣ್ಣ ಮರಳಿನ ಕಣ ಇರುತ್ತೆ, ಉಜ್ಜಿದಷ್ಟೂ ಅದು ರಿಮ್ ಮೇಲೆ ಗೀರು ಹಾಕ್ತಾನೇ ಹೋಗುತ್ತೆ.

ಜಿಡ್ಡನ್ನ ತೆಗೆಯೋಕೆ ಅದನ್ನ ಕರಗಿಸೋ ವಸ್ತು ಬೇಕು. ಸೀಮೆಎಣ್ಣೆ ಸಾಕು, ಇಲ್ಲಾಂದ್ರೆ ಚೈನ್ ಕ್ಲೀನರ್. ಅದನ್ನ ಚಕ್ರದ ಮೇಲೆ ಸುರೀಬೇಡಿ, ಒಂದು ಹಳೇ ಕಾಟನ್ ಬಟ್ಟೆ ತುದಿಗೆ ಸ್ವಲ್ಪ ಹಾಕ್ಕೊಂಡು ಚುಕ್ಕೆ ಮೇಲೆ ಒತ್ತಿ ಹಿಡೀರಿ, ಐದಾರು ಸೆಕೆಂಡ್ ಬಿಟ್ಟು ಒಂದೇ ದಿಕ್ಕಿಗೆ ಒರೆಸಿ ತೆಗೀರಿ, ಬಟ್ಟೆ ಮಡಚಿ ಮಡಚಿ ಹೊಸ ಭಾಗ ಉಪಯೋಗಿಸ್ತಾ ಹೋಗಿ. ಟೈರ್ ರಬ್ಬರಿಗೂ ಬ್ರೇಕ್ ಡಿಸ್ಕಿಗೂ ಸೀಮೆಎಣ್ಣೆ ತಾಗಬಾರ್ದು. ಎಲ್ಲ ತೆಗೆದಾದ್ಮೇಲೆ ಶ್ಯಾಂಪೂ ನೀರಲ್ಲಿ ಚಕ್ರ ತೊಳೀಲೇಬೇಕು, ಯಾಕಂದ್ರೆ ಸೀಮೆಎಣ್ಣೆ ತೆಳ್ಳಗೆ ಒಂದು ಪದರ ಬಿಟ್ಟು ಹೋಗುತ್ತೆ, ತೊಳೀದೆ ಬಿಟ್ರೆ ಮಾರನೇ ದಿನದ ಧೂಳೆಲ್ಲ ಅದಕ್ಕೇ ಅಂಟ್ಕೊಳುತ್ತೆ.

ಇದು ಬಂದ ಕೊಳೆ ತೆಗೆಯೋ ದಾರಿ. ಆದ್ರೆ ನಿಜವಾದ ಕೆಲ್ಸ ಇರೋದು ಚೈನಿಗೆ ಲ್ಯೂಬ್ ಹಾಕೋ ರೀತೀಲಿ. ಸುಮಾರು ಜನ ಚೈನ್ ಹೊರಗಡೆಯಿಂದ ಸೊಂಯ್ ಅಂತ ಸ್ಪ್ರೇ ಹೊಡೆದು ಆ ಕ್ಷಣಾನೇ ಗಾಡಿ ಹತ್ತಿ ಹೊರಟುಬಿಡ್ತಾರೆ, ಅದ್ರಲ್ಲಿ ಮುಕ್ಕಾಲು ಭಾಗ ರಿಮ್ಮಿಗೇ ಹೋಗೋದು. ಹೀಗ್ ಮಾಡಿ: ಗಾಡಿ ಓಡಿಸಿ ಬಂದ್ಮೇಲೆ ಚೈನ್ ಬೆಚ್ಚಗಿರುವಾಗಲೇ ಲ್ಯೂಬ್ ಹಾಕಿ, ಬೆಚ್ಚಗಿದ್ರೆ ಒಳಗೆ ಚೆನ್ನಾಗಿ ಇಳಿಯುತ್ತೆ. ಚೈನಿನ ಕೆಳಗಿನ ಸಾಲು ಇರುತ್ತಲ್ಲ, ಅದರ ಒಳಮುಖಕ್ಕೆ, ಅಂದ್ರೆ ಸ್ಪ್ರಾಕೆಟ್ ಹಲ್ಲು ಕಚ್ಚೋ ಮುಖಕ್ಕೆ ತೆಳ್ಳಗೆ ಹಾಕಿ. ಗಾಡಿ ಓಡುವಾಗ ಎಣ್ಣೆ ಹೊರಗಡೆಗೆ ತಳ್ಳಲ್ಪಡುತ್ತೆ, ಒಳಗಿನಿಂದ ಹಾಕಿದ್ರೆ ಚೈನೊಳಗೆ ಹಾದು ರೋಲರ್ ಪಿನ್ನು ಎಲ್ಲ ನೆನೆಸ್ಕೊಂಡು ಹೋಗುತ್ತೆ, ಹೊರಗಿನಿಂದ ಹಾಕಿದ್ರೆ ನೇರ ಹಾರಿಹೋಗುತ್ತೆ. ಸ್ಪ್ರೇ ಮಾಡುವಾಗ ಚೈನಿಗೂ ರಿಮ್ಮಿಗೂ ನಡುವೆ ಒಂದು ರಟ್ಟಿನ ತುಂಡು ಹಿಡ್ಕೊಳ್ಳಿ. ಹತ್ತು ನಿಮಿಷ ಬಿಟ್ಟು ಒಣ ಬಟ್ಟೇಲಿ ಚೈನಿನ ಹೊರಗಿನ ಪ್ಲೇಟುಗಳನ್ನ ಒರೆಸಿ, ಅಲ್ಲಿ ಮೆತ್ತಿರೋ ದಪ್ಪ ಪದರ ಚಕ್ರ ಕೊಳೆ ಮಾಡೋದು ಬಿಟ್ರೆ ಬೇರೇನೂ ಮಾಡಲ್ಲ. ಆಮೇಲೆ ರಾತ್ರಿಯಿಡೀ ಹಾಗೇ ಬಿಡಿ, ಬೆಳಿಗ್ಗೆ ಓಡಿಸಿ. ಸಂಜೆ ಮನೆಗೆ ಬಂದ ಕೂಡ್ಲೇ ಹಾಕೋ ಅಭ್ಯಾಸ ಮಾಡ್ಕೊಂಡ್ರೆ ಇದೆಲ್ಲ ತಾನಾಗೇ ಆಗುತ್ತೆ. ಒರೆಸಿದ್ರೂ ಸಿಡೀತಿದ್ರೆ ಮೇಣದ ತರದ ಲ್ಯೂಬ್ ಸಿಗುತ್ತೆ, ಅದು ಒಣಗಿ ಕೂತ್ಕೊಳ್ಳೋದ್ರಿಂದ ಕಡಿಮೆ ಹಾರುತ್ತೆ.

ಇಲ್ಲೊಂದು ಮಾತು ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ, ದಯವಿಟ್ಟು ಓದಿ. ಚೈನ್ ಅಥವಾ ಹಿಂದಿನ ಚಕ್ರ ಒರೆಸೋಕೆ ಸುಲಭ ಅಂತ ಸೆಂಟರ್ ಸ್ಟ್ಯಾಂಡ್ ಹಾಕಿ ಇಂಜಿನ್ ಆನ್ ಮಾಡಿ ಗೇರಿಗೆ ಹಾಕಿ ಚಕ್ರ ತಾನಾಗೇ ತಿರುಗೋಕೆ ಬಿಡೋರಿದಾರೆ. ಬಟ್ಟೆ ಒಂದೆಳೆ ಸಿಕ್ಕಾಕ್ಕೊಂಡ್ರೆ ಸಾಕು, ಚೈನು ಬೆರಳನ್ನ ಸ್ಪ್ರಾಕೆಟ್ ಒಳಗೆ ಎಳ್ಕೊಂಡು ಹೋಗಿ ಕತ್ತರಿಸಿಬಿಡುತ್ತೆ, ಕೈ ಹಿಂದಕ್ಕೆ ತಗೊಳ್ಳೋಕೆ ಸಮಯಾನೇ ಇರಲ್ಲ. ಇಂಜಿನ್ ಆಫ್, ಕೀ ಜೇಬಲ್ಲಿ, ಗೇರ್ ನ್ಯೂಟ್ರಲ್, ಚಕ್ರ ಕೈಯಲ್ಲೇ ತಿರುಗಿಸ್ಬೇಕು. ಕೈಯಲ್ಲಿ ತಿರುಗಿಸುವಾಗಲೂ ಬಟ್ಟೆ ಹಿಡಿದಿರೋ ಕೈ ಸ್ಪ್ರಾಕೆಟ್ ಹತ್ರ ಬೇಡ.

ಪ್ರಶ್ನೆ: ಅಲಾಯ್ ವೀಲ್ ಕನ್ನಡಿ ತರ ಹೊಳೀಲಿ ಅಂತ ಮೆಟಲ್ ಪಾಲಿಶ್ ತಂದು ಗಂಟೆಗಟ್ಲೆ ಉಜ್ಜಿದೆ. ಹೊಳಪು ಬರೋದಿರ್ಲಿ ಮೊದ್ಲು ಇದ್ದಿದ್ದೂ ಹೋಗಿ ಮಂಕಾಯ್ತು. ಪಾಲಿಶ್ ಕಳಪೇದಾ?

ಉತ್ತರ: ಪಾಲಿಶ್ ಸರಿಯಾಗೇ ಇರ್ಬೇಕು, ಅದನ್ನ ಹಾಕಿದ ಜಾಗ ತಪ್ಪು. ನೀವು ಉಜ್ಜಿದ್ದು ಲೋಹಾನ ಅಲ್ಲ, ಲೋಹದ ಮೇಲಿರೋ ಕ್ಲಿಯರ್ ಕೋಟ್ ಅನ್ನ. ಕಂಪನಿಯಿಂದ ಬರೋ ಅಲಾಯ್ ವೀಲುಗಳಲ್ಲಿ ಹೆಚ್ಚಿನವಕ್ಕೆ ಬಣ್ಣ ಇಲ್ಲಾ ಪೌಡರ್ ಕೋಟಿಂಗ್ ಇರುತ್ತೆ, ಎಷ್ಟೋ ಸಲ ಅದರ ಮೇಲೆ ಪಾರದರ್ಶಕವಾದ ಇನ್ನೊಂದು ಪದರಾನೂ ಇರುತ್ತೆ. ಮೆಟಲ್ ಪಾಲಿಶ್‌ನಲ್ಲಿ ಉಜ್ಜೋ ಪುಡಿ ಇರುತ್ತಲ್ಲ, ಅದು ಆ ಪದರದ ಮೇಲೆ ಸಾವಿರಾರು ಸಣ್ಣ ಗೀರು ಹಾಕುತ್ತೆ, ಅದೇ ಮಂಕಾಗಿ ಕಾಣೋದು. ಗೀರು ತುಂಬಾ ಆಳ ಹೋಗಿಲ್ಲಾಂದ್ರೆ ಕಾರಿನ ಬಣ್ಣಕ್ಕೆ ಹಾಕೋ ಸಣ್ಣ ಪುಡಿಯ ಪಾಲಿಶ್ ತಗೊಂಡು ಮೆತ್ತನೆ ಸ್ಪಾಂಜಲ್ಲಿ ನಿಧಾನ ಉಜ್ಜಿ ನೋಡಿ, ಸಾಕಷ್ಟು ವಾಪಸ್ ಬರುತ್ತೆ. ಆಮೇಲೆ ವ್ಯಾಕ್ಸ್.

ರಿಮ್ ಯಾವುದು ಅಂತ ಕಂಡುಹಿಡಿಯೋಕೆ ಎರಡು ಪರೀಕ್ಷೆ ಇದೆ, ಎರಡೂ ಸುಲಭ. ಒಂದು ಅಯಸ್ಕಾಂತ. ರಿಮ್ಮಿಗೆ ಅಂಟಿದ್ರೆ ಒಳಗಿರೋದು ಉಕ್ಕು, ಮೇಲೆ ಕ್ರೋಮ್ ಅಥವಾ ಬಣ್ಣ. ಅಂಟಲಿಲ್ಲ ಅಂದ್ರೆ ಬೈಕುಗಳಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ. ಅಲ್ಯುಮಿನಿಯಂ ಅಂತ ಗೊತ್ತಾದ್ಮೇಲೆ ಎರಡನೇ ಪರೀಕ್ಷೆ: ಯಾರಿಗೂ ಕಾಣದ ಒಂದು ಮೂಲೇಲಿ ಬಿಳಿ ಬಟ್ಟೆಗೆ ಒಂದೇ ಹನಿ ಮೆಟಲ್ ಪಾಲಿಶ್ ಹಾಕಿ ಮೆಲ್ಲಗೆ ಉಜ್ಜಿ. ಬೆಳ್ಳಿ ಬಣ್ಣದ ರಿಮ್ ಬಟ್ಟೆನ ಕಪ್ಪು ಮಾಡಿದ್ರೆ ಅದು ಬರೀ ಲೋಹ, ಮೇಲೆ ಯಾವ ಕೋಟಿಂಗೂ ಇಲ್ಲ, ಪಾಲಿಶ್ ಧಾರಾಳವಾಗಿ ಹಾಕ್ಬಹುದು. ಬಟ್ಟೆ ಕಪ್ಪಾಗಲಿಲ್ಲ ಅಂದ್ರೆ ಕೋಟಿಂಗ್ ಇದೆ, ಅಲ್ಲಿಗೇ ನಿಲ್ಲಿಸಿ, ನಿಮಗೆ ಬೇಕಾಗಿರೋದು ಶ್ಯಾಂಪೂ ಮತ್ತು ವ್ಯಾಕ್ಸ್ ಮಾತ್ರ.

ಬರೀ ಅಲ್ಯುಮಿನಿಯಂ ಇದ್ದೋರಿಗೆ ಇನ್ನೊಂದ್ ಮಾತು. ಅಲ್ಯುಮಿನಿಯಂ ಗಾಳಿ ತಾಗಿದ ಕೂಡ್ಲೇ ತನ್ನ ಮೇಲೆ ತಾನೇ ಒಂದು ಆಕ್ಸೈಡ್ ಪದರ ಕಟ್ಕೊಳುತ್ತೆ, ಅದನ್ನ ಕಾಪಾಡೋದು ಅದೇ. ಆ ಪದರ ಸುಮಾರು 4ರಿಂದ 8.5 ಪಿಎಚ್ ಒಳಗಿದ್ರೆ ಗಟ್ಟಿ ನಿಲ್ಲುತ್ತೆ, ಅದಕ್ಕಿಂತ ಆಮ್ಲ ಜಾಸ್ತಿ ಆದ್ರೂ ಕ್ಷಾರ ಜಾಸ್ತಿ ಆದ್ರೂ ಕರಗೋಕೆ ಶುರು. ಬಾತ್‌ರೂಮ್ ಕ್ಲೀನರುಗಳಲ್ಲಿ ಎಷ್ಟೋ ಕಡೆ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಓವನ್ ಕ್ಲೀನರಲ್ಲಿ ಕಾಸ್ಟಿಕ್ ಸೋಡಾ ಇರುತ್ತೆ, ಎರಡೂ ಅಲ್ಯುಮಿನಿಯಂಗೆ ವಿಷ. ನಾನು ಬೈಕ್ ಹೊಸದಾಗಿ ಕಲಿತಿದ್ದ ದಿನಗಳಲ್ಲಿ ಒಬ್ರು ಹೇಳಿದ್ರು ಅಂತ ಬಾತ್‌ರೂಮ್ ಆಸಿಡ್‌ಗೆ ನೀರು ಬೆರೆಸಿ ರಿಮ್ಮಿಗೆ ಹಚ್ಚಿದೆ, ಹಚ್ಚಿದ ತಕ್ಷಣ ಬೆಳ್ಳಗೆ ಹೊಸದರ ತರ ಕಾಣ್ತು, ತುಂಬಾ ಖುಷಿಪಟ್ಟೆ, ಒಣಗಿದ್ಮೇಲೆ ನೋಡಿದ್ರೆ ಬೂದಿ ಬಳಿದ ಹಾಗೆ ಬೂದುಬಣ್ಣ, ಪಕ್ಕದ ಕಬ್ಬಿಣದ ನಟ್ಟುಗಳ ಮೇಲೆಲ್ಲ ಮಾರನೇ ದಿನಕ್ಕೇ ತುಕ್ಕು. ಅದನ್ನ ಸರಿ ಮಾಡೋಕೆ 400ರ ನೀರು ಕಾಗದದಿಂದ (ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್) ಶುರು ಮಾಡಿ 800, 1000, 1500, 2000 ಅಂತ ಒಂದೊಂದಾಗಿ ಉಜ್ಜಿ ಕೊನೆಗೆ ಪಾಲಿಶ್ ಹಾಕಿದ್ದು ಇನ್ನೂ ನೆನಪಿದೆ, ಒಂದು ನಂಬರ್ ಬಿಟ್ಟು ಮುಂದೆ ಹೋದ್ರೂ ಹಿಂದಿನ ಗೀರು ಉಳ್ಕೊಳ್ಳುತ್ತೆ. ಆ ಕೆಲ್ಸ ನಿಮಗ್ಯಾರಿಗೂ ಬರೋದು ಬೇಡ.

ಪ್ರಶ್ನೆ: ನಮ್ಮಪ್ಪನ ಹಳೇ ಬೈಕನ್ನ ನಾನೀಗ ಓಡಿಸ್ತಿದೀನಿ. ಕ್ರೋಮ್ ರಿಮ್, ಕಡ್ಡಿ ಚಕ್ರ. ರಿಮ್ ಮೇಲೆ ಕಂದು ಬಣ್ಣದ ತುಕ್ಕಿನ ಚುಕ್ಕೆಗಳು ಎದ್ದಿವೆ, ಕಡ್ಡಿಗಳೆಲ್ಲ ಮಂಕು. ಅಪ್ಪ ಈ ಗಾಡಿನ ಮಗು ತರ ನೋಡ್ಕೊಂಡಿದ್ರು, ಅವರು ನೋಡಿ ಖುಷಿಪಡೋ ಹಾಗೆ ಮಾಡ್ಬೇಕು. ಆಗುತ್ತಾ ಸರ್?

ಉತ್ತರ: ಆಗುತ್ತಮ್ಮ, ಖಂಡಿತ ಆಗುತ್ತೆ, ಚುಕ್ಕೆ ಚುಕ್ಕೆಯಾಗಿ ಇದೆ ಅಂದ್ರೆ ಇನ್ನೂ ಕೈ ಮೀರಿಲ್ಲ. ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಕಡ್ಡಿ ಚಕ್ರದ ಕೆಲ್ಸ ತಾಳ್ಮೆ ಕೇಳುತ್ತೆ, ಆದ್ರೆ ಅದರ ಹೊಳಪಿಗೆ ಯಾವ ಅಲಾಯ್ ವೀಲೂ ಸಮ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಕ್ರೋಮ್ ಅಂದ್ರೆ ದಪ್ಪ ಪದರ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ನಿಜವಾಗಿ ಹೊಳಪಿನ ಕ್ರೋಮ್ ಪದರ ಒಂದು ಮೈಕ್ರಾನಿಗಿಂತ ತೆಳು ಇರುತ್ತೆ ಸಾಮಾನ್ಯವಾಗಿ, ಅಂದ್ರೆ ಕೂದಲೆಳೆಯ ದಪ್ಪದಲ್ಲಿ ಹತ್ತಾರು ಪದರ ಹಿಡಿಯೋಷ್ಟು ತೆಳು. ಉಕ್ಕಿನ ಮೇಲೆ ಮೊದ್ಲು ನಿಕಲ್ ಪದರ, ಅದರ ಮೇಲೆ ಈ ಕ್ರೋಮ್. ತುಕ್ಕಿನಿಂದ ಕಾಪಾಡೋದು ಹೆಚ್ಚಾಗಿ ನಿಕಲ್ಲೇ, ಕ್ರೋಮ್ ಅದು ಮಂಕಾಗದ ಹಾಗೆ ನೋಡ್ಕೊಳುತ್ತೆ. 1920ರ ದಶಕದಲ್ಲಿ ಕ್ರೋಮ್ ಪ್ಲೇಟಿಂಗ್ ಬಳಕೆಗೆ ಬರೋ ತನಕ ಮೋಟಾರ್ ಸೈಕಲ್ಲುಗಳಲ್ಲಿ ಹೊಳೀತಿದ್ದಿದ್ದು ಬರೀ ನಿಕಲ್, ಸ್ವಲ್ಪ ಹಳದಿ ಛಾಯೆ ಇರೋ ಬೆಚ್ಚನೆ ಹೊಳಪು, ಅದನ್ನ ಪದೇಪದೇ ಉಜ್ತಾನೇ ಇರ್ಬೇಕಿತ್ತು. ಈ ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕು, ತೂತು ಇರ್ತವೆ, ಅವುಗಳ ಮೂಲಕ ನೀರು ಇಳಿದು ಇಳಿದು ಕೊನೆಗೆ ಕೆಳಗಿನ ಉಕ್ಕು ತುಕ್ಕು ಹಿಡಿದು ಮೇಲಕ್ಕೆ ಉಕ್ಕಿದಾಗ ನಿಮಗೆ ಆ ಕಂದು ಚುಕ್ಕೆ ಕಾಣೋದು.

ತೆಗೆಯೋಕೆ ಅಡುಗೆಮನೇಲಿರೋ ಅಲ್ಯುಮಿನಿಯಂ ಫಾಯಿಲ್ ಸಾಕು. ಒಂದು ತುಂಡು ಹರಿದು ಮುದ್ದೆ ಮಾಡಿ ನೀರಲ್ಲಿ ಅದ್ದಿ ಚುಕ್ಕೆ ಮೇಲೆ ಸುತ್ತಿಸಿ ಸುತ್ತಿಸಿ ಉಜ್ಜಿ, ಜೋರು ಬೇಡ. ಅಲ್ಯುಮಿನಿಯಂ ಕ್ರೋಮಿಗಿಂತ ಎಷ್ಟೋ ಮೆದು, ಹಾಗಾಗಿ ತುಕ್ಕು ಹೋಗುತ್ತೆ ಕ್ರೋಮ್ ಮೇಲೆ ಗೀರು ಬೀಳಲ್ಲ. ಕಂದು ರಾಡಿ ಬರುತ್ತೆ, ಒರೆಸ್ತಾ ಹೋಗಿ. ಸ್ಟೀಲ್ ಸ್ಕ್ರಬರ್, ಸ್ಯಾಂಡ್ ಪೇಪರ್ ಎರಡನ್ನೂ ಕ್ರೋಮ್ ಹತ್ರ ತರ್ಲೇಬೇಡಿ, ಅಷ್ಟು ತೆಳು ಪದರ ಅವನ್ನ ತಡ್ಕೊಳಲ್ಲ. ಇದಾದ್ಮೇಲೆ ಕ್ರೋಮ್ ಪಾಲಿಶ್ ಒಂದು ಸುತ್ತು, ಆಮೇಲೆ ಒಳ್ಳೆ ವ್ಯಾಕ್ಸ್. ವ್ಯಾಕ್ಸ್ ಬಿಡ್ಬೇಡಿ, ತುಕ್ಕು ತೆಗೆದ ಜಾಗದಲ್ಲಿ ತೂತು ಹಾಗೇ ಇದೆ, ಅದನ್ನ ಮುಚ್ಚಿಡೋದು ವ್ಯಾಕ್ಸ್ ಒಂದೇ. ತಿಂಗಳಿಗೊಮ್ಮೆ ಹಾಕ್ತಾ ಇದ್ರೆ ಚುಕ್ಕೆ ಬೇಗ ವಾಪಸ್ ಬರಲ್ಲ. ಎಲ್ಲಾದ್ರೂ ಕ್ರೋಮ್ ಪದರಾನೇ ಎದ್ದು ಚಕ್ಕೆ ಚಕ್ಕೆಯಾಗಿ ಬರ್ತಿದ್ರೆ ಮಾತ್ರ ಉಜ್ಜಿ ಪ್ರಯೋಜನ ಇಲ್ಲ, ಬಿಚ್ಚಿಸಿ ಹೊಸದಾಗಿ ಪ್ಲೇಟಿಂಗ್ ಮಾಡಿಸ್ಬೇಕು ಇಲ್ಲಾ ರಿಮ್ ಬದಲಾಯಿಸ್ಬೇಕು.

ಇನ್ನು ಕಡ್ಡಿಗಳು. ಹಳೇ ಕಾಟನ್ ಬಟ್ಟೆನ ಎರಡು ಬೆರಳಗಲ ಪಟ್ಟಿ ಹರ್ಕೊಳ್ಳಿ, ಪಟ್ಟಿಗೆ ಸ್ವಲ್ಪ ಪಾಲಿಶ್ ಸವರಿ ಕಡ್ಡಿಗೆ ಒಂದು ಸುತ್ತು ಹಾಕಿ ಎರಡೂ ತುದಿ ಹಿಡಿದು ಆ ಕಡೆ ಈ ಕಡೆ ಎಳೀರಿ, ಮೊಸರು ಕಡೆಯೋವಾಗ ಹಗ್ಗ ಎಳೆಯೋ ಹಾಗೆ. ಒಂದು ಕಡ್ಡಿಗೆ ಅರ್ಧ ನಿಮಿಷ. ವಾಲ್ವ್ ಇರೋ ಜಾಗದಿಂದ ಶುರು ಮಾಡಿ ವಾಲ್ವಿಗೇ ಬಂದು ಮುಗಿಸಿದ್ರೆ ಯಾವುದು ಆಯ್ತು ಯಾವುದು ಆಗಿಲ್ಲ ಅನ್ನೋ ಗೊಂದಲ ಇರಲ್ಲ. ಹಬ್, ಅಂದ್ರೆ ಚಕ್ರದ ನಡುಭಾಗದ ಹತ್ರ ಬೆರಳು ಹೋಗದ ಕಡೆ ಹಳೇ ಟೂತ್ ಬ್ರಷ್. ಕೆಲವು ಗಾಡಿಗಳಲ್ಲಿ ಕಡ್ಡಿಗೆ ಸತುವಿನ ಲೇಪ ಇರುತ್ತೆ, ಅದು ಸ್ವಭಾವದಲ್ಲೇ ಬೂದುಬಣ್ಣ, ಎಷ್ಟು ಉಜ್ಜಿದ್ರೂ ಕ್ರೋಮ್ ತರ ಆಗಲ್ಲ, ಹೆಚ್ಚು ಉಜ್ಜಿದ್ರೆ ಲೇಪಾನೇ ಹೋಗಿ ತುಕ್ಕು ಬರುತ್ತೆ, ಅಂಥದ್ದನ್ನ ತೊಳೆದು ವ್ಯಾಕ್ಸ್ ಹಾಕಿ ಬಿಡಿ.

ಹೇಗೂ ಒಂದೊಂದೇ ಕಡ್ಡಿ ಮುಟ್ತಾ ಹೋಗ್ತೀರಲ್ಲ, ಮುಗಿದ್ಮೇಲೆ ಸಣ್ಣ ಸ್ಪ್ಯಾನರಿಂದ ಪ್ರತಿ ಕಡ್ಡಿಗೂ ಮೆಲ್ಲಗೆ ಟಣ್ ಅಂತ ತಟ್ಟಿ. ಬಿಗಿಯಾಗಿರೋದೆಲ್ಲ ಹೆಚ್ಚುಕಮ್ಮಿ ಒಂದೇ ತರ ಟಿಣ್ ಅನ್ನುತ್ತೆ, ಸಡಿಲ ಆಗಿರೋದು ದಬ್ ಅನ್ನುತ್ತೆ. ಅಂಥದ್ದು ಸಿಕ್ಕಿದ್ರೆ ಮೆಕ್ಯಾನಿಕ್ ಹತ್ರ ತೋರಿಸಿ, ನೀವೇ ತಿರುಗಿಸೋಕೆ ಹೋಗ್ಬೇಡಿ, ಒಂದು ಕಡೆ ಬಿಗಿ ಮಾಡಿದ್ರೆ ರಿಮ್ ಆ ಕಡೆಗೇ ವಾಲುತ್ತೆ. ಅಪ್ಪನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಆ ಶಬ್ದದ ವ್ಯತ್ಯಾಸ ಅವರ ಕಿವಿಗೆ ನಿಮಗಿಂತ ಬೇಗ ಸಿಗ್ಬಹುದು.

ಪ್ರಶ್ನೆ: ಚಕ್ರದ ಜೊತೆ ಟೈರೂ ಕಪ್ಪಗೆ ಹೊಳೀಲಿ ಅಂತ ಟೈರ್ ಶೈನ್ ಹಾಕ್ಬಹುದಾ? ಕಾರಿಗೆ ಹಾಕ್ತಾರಲ್ಲ.

ಉತ್ತರ: ಬೇಡ. ಕಾರು ವಾಲಲ್ಲ, ಬೈಕ್ ವಾಲುತ್ತೆ. ತಿರುವಲ್ಲಿ ಬೈಕ್ ಟೈರಿನ ಅಂಚೇ ರಸ್ತೆ ಹಿಡಿಯೋದು, ಟೈರ್ ಶೈನಲ್ಲಿ ಸಿಲಿಕೋನ್ ಎಣ್ಣೆ ಇರುತ್ತೆ, ಪಕ್ಕಕ್ಕೆ ಮಾತ್ರ ಹಚ್ಚಿದೀನಿ ಅಂದ್ರೂ ಚಕ್ರ ತಿರುಗುವಾಗ ಅದು ಅಂಚಿಗೆ ಹರಿದು ಬರುತ್ತೆ, ಡಿಸ್ಕಿಗೂ ಸಿಡಿಯುತ್ತೆ. ಟೈರ್ ಕಂದು ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೇಡ, ರಬ್ಬರ್ ಬಿರುಕು ಬಿಡದ ಹಾಗೆ ಅದರೊಳಗೆ ಬೆರೆಸಿರೋ ರಾಸಾಯನಿಕ ಮೇಲಕ್ಕೆ ಬಂದು ಗಾಳಿ ಜೊತೆ ಸೇರಿ ಕಂದಾಗೋದು ಅದು. ಶ್ಯಾಂಪೂ ನೀರು, ಗಟ್ಟಿ ಬ್ರಷ್, ಚೆನ್ನಾಗಿ ತೊಳೆದ ಟೈರೇ ಸಾಕಷ್ಟು ಕಪ್ಪಗಿರುತ್ತೆ.

ಪ್ರಶ್ನೆ: ಮುಂದಿನ ಚಕ್ರದಲ್ಲಿ ಡಿಸ್ಕ್ ಇರೋ ಕಡೆ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕೆ ಕೂತಿವೆ. ಶ್ಯಾಂಪೂಗೂ ಹೋಗಲ್ಲ, ಸೀಮೆಎಣ್ಣೆಗೂ ಹೋಗಲ್ಲ. ಬೆರಳಲ್ಲಿ ಸವರಿದ್ರೆ ಒರಟು. ಇದೇನು?

ಉತ್ತರ: ಬ್ರೇಕ್ ಪುಡಿ. ಬ್ರೇಕ್ ಹಿಡಿದಾಗೆಲ್ಲ ಪ್ಯಾಡೂ ಸವೆಯುತ್ತೆ ಡಿಸ್ಕೂ ಸವೆಯುತ್ತೆ, ಅದರಲ್ಲಿ ಕಬ್ಬಿಣದ ಕಣ ಇರುತ್ತೆ, ಬಿಸಿಬಿಸಿಯಾಗಿ ಹಾರಿ ಬಂದು ರಿಮ್ ಕೋಟಿಂಗಲ್ಲಿ ನಾಟ್ಕೊಂಡು ಆಮೇಲೆ ನೀರು ತಾಗಿ ಅಲ್ಲೇ ತುಕ್ಕು ಹಿಡಿಯುತ್ತೆ. ಜಿಡ್ಡಲ್ಲ ಇದು, ಅದಕ್ಕೇ ಸೀಮೆಎಣ್ಣೆಗೆ ಜಗ್ಗಲ್ಲ. ಇದಕ್ಕೆ ಅಂತಾನೇ ಐರನ್ ರಿಮೂವರ್ ಅಂತ ಸಿಗುತ್ತೆ, ಪಿಎಚ್ ನ್ಯೂಟ್ರಲ್ ಅಂತ ಬರೆದಿರೋದು ತಗೊಳ್ಳಿ. ಅದರಲ್ಲಿರೋ ಥಯೋಗ್ಲೈಕೊಲೇಟ್ ಅನ್ನೋ ಲವಣ ಕಬ್ಬಿಣದ ಜೊತೆ ಸೇರಿದಾಗ ನೇರಳೆ ಬಣ್ಣ ಬರುತ್ತೆ, ಹಾಗಾಗಿ ಎಲ್ಲೆಲ್ಲಿ ಪುಡಿ ನಾಟಿದೆ ಅಂತ ಕಣ್ಣಿಗೇ ಕಾಣುತ್ತೆ, ಮೊದಲ ಸಲ ನೋಡಿದಾಗ ನನಗಂತೂ ಮ್ಯಾಜಿಕ್ ಅನಿಸಿತ್ತು. ವಾಸನೆ ಮಾತ್ರ ಕೊಳೆತ ಮೊಟ್ಟೆ ತರ, ಬಯಲಲ್ಲಿ ಮಾಡಿ, ಗ್ಲೌಸ್ ಹಾಕ್ಕೊಳ್ಳಿ. ಸ್ಪ್ರೇನ ನೇರ ಚಕ್ರಕ್ಕೆ ಹೊಡೆಯೋ ಬದ್ಲು ಬಟ್ಟೆ ಅಥವಾ ಮೆತ್ತನೆ ಬ್ರಷ್ಷಿಗೆ ಹಾಕ್ಕೊಂಡು ಹಚ್ಚಿ, ಡಿಸ್ಕಿಂದ ದೂರ ಇರಲಿ, ಡಬ್ಬಿ ಮೇಲೆ ಹೇಳಿರೋಷ್ಟು ನಿಮಿಷ ಬಿಟ್ಟು ಒಣಗೋಕೆ ಮುಂಚೆ ಧಾರಾಳ ನೀರಲ್ಲಿ ತೊಳೀರಿ. ಬರೀ ಲೋಹದ ಮೇಲೆ ಅಥವಾ ಅನೋಡೈಸ್ ಮಾಡಿದ (ಕರೆಂಟ್ ಹಾಯಿಸಿ ಆಕ್ಸೈಡ್ ಪದರ ದಪ್ಪ ಮಾಡಿದ) ರಿಮ್ ಮೇಲೆ ಹಾಕೋದಾದ್ರೆ ಮೂಲೇಲಿ ಒಂದು ಹನಿ ಹಾಕಿ ನೋಡ್ಕೊಂಡೇ ಮುಂದುವರೀರಿ.

ಇದೇ ನೆಪದಲ್ಲಿ ಡಿಸ್ಕ್ ವಿಷ್ಯ. ವ್ಯಾಕ್ಸ್, ಪಾಲಿಶ್, ಚೈನ್ ಲ್ಯೂಬ್, ಡಬ್ಲ್ಯುಡಿ-40 ಯಾವುದೂ ಡಿಸ್ಕಿಗೆ ತಾಗಬಾರ್ದು, ತಾಗಿದ್ರೆ ಬ್ರೇಕ್ ಹಿಡಿಯಲ್ಲ, ಪ್ಯಾಡ್ ಎಣ್ಣೆ ಹೀರ್ಕೊಂಡ್ರೆ ಪ್ಯಾಡೇ ಬದಲಾಯಿಸ್ಬೇಕಾಗುತ್ತೆ. ನಾನು ಚಕ್ರದ ಕೆಲ್ಸ ಶುರು ಮಾಡೋಕೆ ಮುಂಚೆ ಡಿಸ್ಕಿಗೂ ಅದನ್ನ ಪ್ಯಾಡಿಂದ ಒತ್ತಿ ಹಿಡಿಯೋ ಕ್ಯಾಲಿಪರಿಗೂ ಪ್ಲಾಸ್ಟಿಕ್ ಕವರ್ ಸುತ್ತಿಬಿಡ್ತೀನಿ, ಎರಡು ನಿಮಿಷದ ಕೆಲ್ಸ. ತಪ್ಪಿ ಸ್ವಲ್ಪ ತಾಗಿದ್ರೆ ಬ್ರೇಕ್ ಕ್ಲೀನರ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೇಲಿ ಚೆನ್ನಾಗಿ ಒರೆಸಿ. ಮತ್ತೆ ತೊಳೆದಾದ್ಮೇಲೆ ನಿಧಾನವಾಗಿ ಸ್ವಲ್ಪ ದೂರ ಓಡಿಸಿ ನಾಕೈದು ಸಲ ಮೆಲ್ಲಗೆ ಬ್ರೇಕ್ ಹಿಡೀರಿ, ಡಿಸ್ಕ್ ಒದ್ದೆ ಇದ್ದಾಗ ಮೊದಲ ಬ್ರೇಕ್ ತಡವಾಗಿ ಹಿಡಿಯುತ್ತೆ.

ಪ್ರಶ್ನೆ: ಮ್ಯಾಟ್ ಕಪ್ಪು ಚಕ್ರ. ವ್ಯಾಕ್ಸ್ ಹಾಕಿದ್ಮೇಲೆ ಒಂದೊಂದು ಕಡೆ ಮಿಂಚು, ಒಂದೊಂದು ಕಡೆ ಮಂಕು.

ಉತ್ತರ: ಮ್ಯಾಟ್ ಬಣ್ಣದ ಮೇಲ್ಮೈ ಬರಿಗಣ್ಣಿಗೆ ಕಾಣದಷ್ಟು ಒರಟು ಇರುತ್ತೆ, ಬೆಳಕು ಚದುರಿಹೋಗೋದ್ರಿಂದ ಅದು ಮ್ಯಾಟ್ ಕಾಣೋದು. ವ್ಯಾಕ್ಸ್ ಆ ತಗ್ಗುಗಳಲ್ಲಿ ತುಂಬ್ಕೊಂಡ್ರೆ ಅಲ್ಲಿ ಮಿಂಚುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಮೈಕ್ರೋಫೈಬರ್ ಬಟ್ಟೇಲಿ ಒತ್ತಿ ಒತ್ತಿ ತೆಗೀರಿ, ಹೋಗುತ್ತೆ. ಪಾಲಿಶ್ ಹಾಕಿ ಉಜ್ಜಿಬಿಟ್ಟಿದ್ರೆ ಮಾತ್ರ ಆ ಒರಟೇ ಸವೆದು ಹೋಗಿರುತ್ತೆ, ಅದು ವಾಪಸ್ ಬರಲ್ಲ. ಮ್ಯಾಟ್‌ಗೆ ಅಂತಾನೇ ಬರೋ ಸೀಲೆಂಟ್ ಬಿಟ್ಟು ಇನ್ನೇನೂ ಬೇಡ.

ಪ್ರಶ್ನೆ: ತೊಳೆದು ಬಿಸಿಲಿಗೆ ಒಣಗೋಕೆ ನಿಲ್ಲಿಸ್ತೀನಿ. ಒಣಗಿದ್ಮೇಲೆ ಬಿಳಿ ಬಿಳಿ ಉಂಗುರದ ಕಲೆ.

ಉತ್ತರ: ಬಿಸಿಲಿಗೆ ನಿಲ್ಲಿಸೋದ್ರಿಂದಾನೇ ಅದು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಕರಗಿರುತ್ತೆ, ನೀರು ಆರಿಹೋಗುತ್ತೆ ಲವಣ ಉಳಿಯುತ್ತೆ. ನೆರಳಲ್ಲಿ ತೊಳೀರಿ, ಚಕ್ರ ಬಿಸಿ ಇರುವಾಗ ನೀರು ಹಾಕ್ಬೇಡಿ, ಡಿಸ್ಕ್ ಕೆಂಡದಂಗೆ ಕಾದಿರುವಾಗಂತೂ ಬೇಡವೇ ಬೇಡ, ಮುಟ್ಟಿದ್ರೆ ತಣ್ಣಗಿರ್ಬೇಕು. ಕೊನೇ ಸಲ ನೀರು ಹಾಕಿದ ತಕ್ಷಣ ಮೈಕ್ರೋಫೈಬರಲ್ಲಿ ಒರೆಸಿ, ಹೊಳಪಿನ ಅರ್ಧ ಗುಟ್ಟು ಈ ಒರೆಸೋದರಲ್ಲೇ ಇದೆ ಆದ್ರೆ ಎಲ್ರೂ ಸುಸ್ತಾಗಿ ಇದನ್ನೇ ಬಿಟ್ಟುಬಿಡ್ತಾರೆ. ಈಗಾಗ್ಲೇ ಕೂತಿರೋ ಕಲೆಗೆ, ಕೋಟಿಂಗ್ ಇರೋ ರಿಮ್ ಆದ್ರೆ ಮಾತ್ರ, ಬಿಳಿ ವಿನಿಗರಿಗೆ ಅಷ್ಟೇ ನೀರು ಸೇರಿಸಿ ಬಟ್ಟೇಲಿ ಅದ್ದಿ ಕಲೆ ಮೇಲೆ ಒಂದು ನಿಮಿಷ ಇಟ್ಟು ಒರೆಸಿ ತಕ್ಷಣ ತೊಳೀರಿ. ಬರೀ ಅಲ್ಯುಮಿನಿಯಂ ಮೇಲೆ ವಿನಿಗರ್ ಬೇಡ, ಅದು ಆಮ್ಲಾನೇ.

ಪ್ರಶ್ನೆ: ವಾಟರ್ ಸರ್ವಿಸ್ ಮಾಡೋ ಜೋರು ನೀರಿನ ಪಂಪ್ ಮನೆಗೇ ತಂದಿದೀನಿ. ಚಕ್ರಕ್ಕೆ ಹೊಡೀಬಹುದಾ?

ಉತ್ತರ: ಒಣಗಿದ ಕೆಸರು ಬಿಡಿಸೋಕೆ ಒಳ್ಳೇದು, ಅದನ್ನ ಬಟ್ಟೇಲಿ ಉಜ್ಜೋದಕ್ಕಿಂತ ನೀರಲ್ಲಿ ಬೀಳಿಸೋದೇ ಮೇಲು. ಆದ್ರೆ ಚಕ್ರದ ನಡುವೆ ಇರೋ ಬೇರಿಂಗ್ ಸೀಲಿಗೆ, ಚೈನಿಗೆ, ಬ್ರೇಕ್ ಕ್ಯಾಲಿಪರಿಗೆ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಇದ್ರೆ ಅದರ ಸೆನ್ಸರಿಗೆ ನೇರ ಹೊಡೀಬೇಡಿ. ಸೀಲು ಮಳೆ ನೀರು ತಡೆಯೋಕೆ ಇರೋದು, ಪಂಪಿನ ಒತ್ತಡ ತಡೆಯೋಕಲ್ಲ, ಒಳಗೆ ನೀರು ಹೋದ್ರೆ ಗ್ರೀಸ್ ಕೆಟ್ಟು ಕೆಲವು ತಿಂಗಳಲ್ಲಿ ಚಕ್ರ ಗೊರಗೊರ ಅನ್ನೋಕೆ ಶುರುವಾಗುತ್ತೆ. ಅಗಲ ನಾಝಲ್ ಹಾಕಿ, ಎರಡು ಅಡಿಯಾದ್ರೂ ದೂರ ನಿಂತು, ರಿಮ್ಮಿಗೆ ಮಾತ್ರ.

ಪ್ರಶ್ನೆ: ಸಮುದ್ರದ ಹತ್ರ ಇದೀವಿ. ಅಲಾಯ್ ಕೋಟಿಂಗ್ ಒಳಗೆ ಹುಳ ಹರಿದಾಡಿದ ಹಾಗೆ ಬಿಳಿ ಗೆರೆ ಬಂದಿದೆ. ಎಷ್ಟು ತೊಳೆದ್ರೂ ಹೋಗಲ್ಲ.

ಉತ್ತರ: ಕೊಳೆ ಇರೋದು ಕೋಟಿಂಗಿನ ಕೆಳಗೆ, ನೀವು ತೊಳೀತಿರೋದು ಮೇಲೆ. ಕಲ್ಲು ಸಿಡಿದೋ ಸ್ಪ್ಯಾನರ್ ತಾಗಿಯೋ ಕೋಟಿಂಗಲ್ಲಿ ಸಣ್ಣ ತೂತಾಗಿರುತ್ತೆ, ಅಲ್ಲಿಂದ ಉಪ್ಪಿನ ತೇವ ನುಗ್ಗಿ ಅಲ್ಯುಮಿನಿಯಂ ತಿಂತಾ ಗೆರೆ ಗೆರೆಯಾಗಿ ಮುಂದಕ್ಕೆ ಹೋಗುತ್ತೆ. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕೋ ದೇಶಗಳಲ್ಲೂ ಇದೇ ಗೋಳು. ನಿಲ್ಲಿಸೋ ದಾರಿ ಒಂದೇ, ಹಳೇ ಕೋಟಿಂಗ್ ಪೂರ್ತಿ ತೆಗೆಸಿ ಹೊಸದಾಗಿ ಮಾಡಿಸೋದು. ಪೌಡರ್ ಕೋಟಿಂಗ್ ಮಾಡೋರು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಒಲೇಲಿ ಇಡ್ತಾರೆ, ಅದಕ್ಕೆ ಮುಂಚೆ ಟೈರ್, ಬೇರಿಂಗ್, ಸೀಲ್, ವಾಲ್ವ್ ಎಲ್ಲ ಬಿಚ್ಚಿರ್ಬೇಕು, ಬೇರಿಂಗ್ ಕೂರೋ ಜಾಗ ಮತ್ತು ಡಿಸ್ಕ್ ಕೂರೋ ಮುಖಕ್ಕೆ ಪುಡಿ ಬೀಳದ ಹಾಗೆ ಮುಚ್ಚಿರ್ಬೇಕು. ಚಕ್ರ ಮಾಡಿದ ಅನುಭವ ಇರೋರ ಹತ್ರಾನೇ ಕೊಡಿ, ಶಾಖ ಹದ ತಪ್ಪಿದ್ರೆ ಅಲಾಯ್‌ನ ಗಟ್ಟಿತನ ಕಮ್ಮಿ ಆಗುತ್ತೆ. ಹೊಸ ಕೋಟಿಂಗ್ ಆದ್ಮೇಲೆ ವಾರಕ್ಕೆರಡು ಸಲ ಬರೀ ಸಿಹಿನೀರು ಹಾಕಿ ಒರೆಸಿದ್ರೂ ಸಾಕು, ಉಪ್ಪು ಕೂರೋಕೆ ಬಿಡ್ಬಾರ್ದು.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ತೊಳೀಬೇಕು? ಮೊದ್ಲು ಚಕ್ರಾನೋ ಮೊದ್ಲು ಬಾಡಿನೋ?

ಉತ್ತರ: ಮೊದ್ಲು ಚಕ್ರ. ಬಾಡಿ ತೊಳೆದು ಆಮೇಲೆ ಚಕ್ರ ಉಜ್ಜಿದ್ರೆ ಕೊಳೆ ಸಿಡಿದು ಬಾಡಿನ ಮತ್ತೆ ತೊಳೀಬೇಕು, ಅಷ್ಟರಲ್ಲಿ ಬಾಡಿ ಮೇಲಿನ ನೀರೂ ಒಣಗಿ ಕಲೆ ಆಗಿರುತ್ತೆ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ, ಅದನ್ನ ಟ್ಯಾಂಕಿಗೆ ತಾಗಿಸ್ಬೇಡಿ. ದಿನಾ ಓಡಿಸೋ ಗಾಡಿಗೆ ವಾರಕ್ಕೊಮ್ಮೆ ಶ್ಯಾಂಪೂ, ಕೆಸರಲ್ಲಿ ಹೋಗಿ ಬಂದ್ರೆ ಅವತ್ತೇ. ವ್ಯಾಕ್ಸ್ ಇದ್ರೆ ನೀರು ಹನಿ ಹನಿಯಾಗಿ ಜಾರುತ್ತೆ, ಹಾಳೆ ತರ ಹರಡ್ಕೊಳ್ಳೋಕೆ ಶುರುವಾದ್ರೆ ವ್ಯಾಕ್ಸ್ ಮುಗೀತು ಅಂತ, ಮತ್ತೆ ಹಾಕಿ.

ಮತ್ತೆ ಒರೆಸುವಾಗ ಕಣ್ಣು ಬಿಟ್ಟು ಒರೆಸಿ. ರಿಮ್ ಒಳಗಡೆ ಅಂಟಿಸಿರೋ ಸಣ್ಣ ಸೀಸದ ತುಂಡು ಬ್ಯಾಲೆನ್ಸಿಗೆ ಇರೋದು, ಕೊಳೆ ಅಂತ ಕಿತ್ತುಬಿಡ್ಬೇಡಿ. ಚೌಕಾಕಾರದ ಒಂದು ಜಾಗ ಮಾತ್ರ ಕ್ಲೀನಾಗಿ ಅಂಟು ಅಂಟಾಗಿ ಕಂಡ್ರೆ ತುಂಡು ಬಿದ್ದುಹೋಗಿದೆ, ಬ್ಯಾಲೆನ್ಸ್ ಮಾಡಿಸಿ. ವಾಲ್ವಿನ ಬುಡ ಬಗ್ಗಿಸಿ ನೋಡಿ, ರಬ್ಬರ್ ಬಿರುಕು ಬಿಟ್ಟಿದ್ರೆ ಬದಲಾಯಿಸಿ. ಡ್ರಮ್ ಬ್ರೇಕ್ ಇರೋರು ಡ್ರಮ್ ಬಿಚ್ಚಿದಾಗ ಒಳಗಿನ ಪುಡಿನ ಬಾಯಲ್ಲಿ ಊದೋದು ಗಾಳಿ ಹೊಡೆಯೋದು ಮಾಡ್ಬೇಡಿ, ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಒದ್ದೆ ಬಟ್ಟೇಲಿ ಒರೆಸಿ. ಅಲಾಯ್ ವೀಲಿನ ತೋಳು ಹಬ್ಬಿಗೆ ಸೇರೋ ಜಾಗದಲ್ಲೂ ರಿಮ್ಮಿಗೆ ಸೇರೋ ಜಾಗದಲ್ಲೂ ಕೂದಲೆಳೆಯಂಥ ಗೆರೆ ಇದೆಯಾ ಅಂತ ಬೆರಳುಗುರು ಆಡಿಸಿ ನೋಡಿ. ಒರೆಸಿದ್ರೆ ಹೋಗೋದು ಕೊಳೆ. ಉಗುರಿಗೆ ಸಿಕ್ಕಿ ತಡೆದ್ರೆ ಅದು ಬಿರುಕು ಇರ್ಬಹುದು, ತಜ್ಞರು ನೋಡೋ ತನಕ ಆ ಚಕ್ರದ ಮೇಲೆ ಗಾಡಿ ಹತ್ತಬೇಡಿ, ಬಿರುಕು ಅಂತ ಖಾತ್ರಿ ಆದ್ರೆ ವೆಲ್ಡಿಂಗ್ ಮಾಡಿಸೋ ಯೋಚನೆ ಬಿಟ್ಟು ಚಕ್ರಾನೇ ಬದಲಾಯಿಸಿ.